ಫಿನಾಯಿಲ್ ರಾಣಿ

"ಕೈ ತೋರ್ಸಿ," ಎಂದರು ಡಾಕ್ಟರಮ್ಮ.

ತಂಗಿ ಅಣ್ಣನ ಮುಖ ನೋಡಿದಳು. ಅವನು ಹೂಂ ಅಂದ ಮೇಲೆ ಶಾಲಿನಡಿಯಿಂದ ಎರಡೂ ಕೈ ತೆಗೆದು, ಮೇಜಿಗೆ ತಾಗದಂತೆ ಗಾಳಿಯಲ್ಲೇ ಹಿಡಿದಳು. ಬೆರಳ ಸಂದುಗಳು ಬಿರಿದು ಹಸಿಯಾಗಿದ್ದವು.

ಅಣ್ಣನದು ಬಸ್ ನಿಲ್ದಾಣದ ಪಕ್ಕದ ಲಾಡ್ಜು. ಆ ಬೀದಿಯಲ್ಲಿ ಲಾಡ್ಜುಗಳಿಗೇನೂ ಬರವಿಲ್ಲ, ಆದರೆ ಬಚ್ಚಲು ಹೊಳೆಯುವುದು ಇವನದರಲ್ಲಿ ಮಾತ್ರ. ಹೊಳೆಯದೆ ಏನು? ತೊಳೆದ ನೆಲವನ್ನೇ ತಂಗಿ ಮತ್ತೆ ತೊಳೆಯುತ್ತಿದ್ದಳು, ಸಾಲದೆಂದು ಅಳುತ್ತ ಮತ್ತೂ ತೊಳೆಯುತ್ತಿದ್ದಳು. ಅತ್ತಿಗೆ ಅವಳಿಗೆ 'ಫಿನಾಯಿಲ್ ರಾಣಿ' ಎಂದು ಹೆಸರಿಟ್ಟು ಬಂದವರ ಮುಂದೆಲ್ಲ ನಗುತ್ತಿದ್ದಳು. ಈಚೆಗೆ ಅಳು ಗಿರಾಕಿಗಳ ನಿದ್ದೆ ಕೆಡಿಸತೊಡಗಿತ್ತು. ಅಣ್ಣ ಅವಳನ್ನು ಇಲ್ಲಿಗೆ ಕರೆತಂದದ್ದು ಅದಕ್ಕೇ ಹೊರತು ಅಕ್ಕರೆ ಉಕ್ಕಿ ಅಲ್ಲ.

"ಇದು ಬರೀ ಶುಚಿ ಅಲ್ಲಮ್ಮ, ಗೀಳು ಅಂತ ಕಾಯಿಲೆ. ಕೊಳೆ ಇದೆ ಅನ್ನೋ ಯೋಚನೆ ಬೇಡ ಅಂದ್ರೂ ಬರುತ್ತೆ. ತೊಳೆದ್ರೆ ಒಂಚೂರು ಸಮಾಧಾನ, ಆಮೇಲೆ ಮತ್ತೆ ಅದೇ. ಅಲ್ವಾ?"

ತಂಗಿಯ ಕಣ್ಣು ತುಂಬಿತು. "ಇದಕ್ಕೊಂದು ಹೆಸರಿದ್ಯಾ ಮೇಡಂ? ಬೇರೆಯವರಿಗೂ ಬರುತ್ತಾ? ಹಾಗಾದ್ರೆ ನಾನು ಹುಚ್ಚಿ ಅಲ್ಲ ತಾನೇ?"

"ಹುಚ್ಚು ಅನ್ನೋ ಕಾಯಿಲೆ ನಮ್ಮ ಪುಸ್ತಕದಲ್ಲೇ ಇಲ್ಲ. ಒಂದೊಂದಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಔಷಧಿ. ಬಿಡದೆ ಮಾತ್ರೆ ತಗೊಳ್ಳಿ, ಇಲ್ಲಿಗೂ ಬರ್ತಾ ಇರಿ. ಕಡಿಮೆ ಆಗುತ್ತೆ."

ತಂಗಿ ನಕ್ಕಳು. ಹಾಗೆ ನಗುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು.

"ತೊಳೆಯೋದು ಪೂರ್ತಿ ನಿಂತೇ ಹೋಗುತ್ತಾ ಡಾಕ್ಟ್ರೇ?" ಅಣ್ಣ ಕೇಳಿದ.

"ಎಲ್ಲರೂ ತೊಳೆಯೋಷ್ಟೇ ಇವರೂ ತೊಳೀತಾರೆ."

"ಅಳು ಮಾತ್ರ ನಿಲ್ಸೋಕೆ ಏನಾದ್ರೂ ಇದ್ಯಾ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ ಅವನದು. ಡಾಕ್ಟರಮ್ಮ ಮಾತ್ರೆಯ ಚೀಟಿ ಬರೆದರು.

"ಇವಳು ಹುಷಾರಾದ್ರೆ ಬಚ್ಚಲು ಯಾರು ತೊಳೀಬೇಕು? ನಾನಾ?" ಅವರು ಮನೆಗೆ ಬಂದೊಡನೆ ಅತ್ತಿಗೆ ಗಂಡನನ್ನು ಕೇಳಿದಳು. ಅವನು ಅವಳಿಗೆ ಸುಮ್ಮನಿರುವಂತೆ ಕಣ್ಸನ್ನೆ ಮಾಡಿದ.

ತಂಗಿ ಆಗಲೇ ಲೋಟದಲ್ಲಿ ನೀರು ಹಿಡಿದು ಕಾಯುತ್ತಿದ್ದಳು. "ಕೈ ಹುಣ್ಣಾಗಿದೆ, ನಿಂಗ್ಯಾಕೆ ತೊಂದ್ರೆ," ಎಂದು ಅಣ್ಣ ಸ್ಟ್ರಿಪ್ಪಿನಿಂದ ಮಾತ್ರೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿ, ಅಂಗೈಯಲ್ಲಿ ಆಡಿಸಿ, ಡಬ್ಬಿಗೆ ಹಾಕಿದ. ಡಬ್ಬಿಯನ್ನು ಅವಳ ಮುಂದಿಟ್ಟ.

"ಅಯ್ಯೋ, ಈಗಷ್ಟೇ ಚಪ್ಪಲಿ ಮುಟ್ಟಿದ್ದೆ ಕಣೇ. ಪರವಾಗಿಲ್ಲ ಬಿಡು, ನುಂಗು."

ಮಾತ್ರೆ ಹಿಡಿದ ಅವಳ ಕೈ ಬಾಯಿಯ ಹತ್ತಿರವೇ ನಿಂತಿತು. "ಯಾವ್ದಾದ್ರೂ ಒಂದು ಮುಟ್ಟದೇ ಇರೋದು..."

"ಎಲ್ಲಾನೂ ನಾನೇ ಬಿಡಿಸಿದ್ದಲ್ವಾ."

ಅವಳು ಡಬ್ಬಿ ಎತ್ತಿಕೊಂಡು ಬಚ್ಚಲಿಗೆ ಓಡಿದಳು. ಅಣ್ಣ ಹೆಂಡತಿಯತ್ತ ತಿರುಗಿದ. "ಔಷಧಿ ಕೊಡಿಸ್ಲಿಲ್ಲ ಅಂತ ನಾಳೆ ಯಾರೂ ಅನ್ನೋ ಹಾಗಿಲ್ಲ."

ನಲ್ಲಿಯಡಿ ತಂಗಿ ಮಾತ್ರೆಯನ್ನು ಸೋಪು ಹಚ್ಚಿ ತೊಳೆಯುತ್ತಿದ್ದಳು. ಅದು ಕರಗಿದಾಗ ಇನ್ನೊಂದನ್ನು ತೆಗೆದುಕೊಂಡಳು.

"ಒಂದ್ನಿಮಿಷ ಅಣ್ಣ," ಒಳಗಿನಿಂದಲೇ ಕೂಗಿದಳು, "ಶುದ್ಧ ಆಗ್ತಾ ಇದೆ. ನುಂಗೇ ನುಂಗ್ತೀನಿ."

ಬಿರಿದ ಬೆರಳುಗಳ ನಡುವಿನಿಂದ ಬಿಳಿಯ ನೀರು ತೂಬಿನತ್ತ ಹರಿಯುತ್ತಿತ್ತು.