ಹೊಲಸು ತೆಗೆದ ಬಾವಿ

ಸಂಶೋಧನೆಗೆಂದು ಮಿನಾಜ ಕಾಖಂಡಕಿ ಊರಿನ ಹಾಳುಬಾವಿಯ ಬಾವಲಿಗಳ ರೆಕ್ಕೆಯಿಂದ ಚೂರು ಚರ್ಮ ಒಯ್ದು ವರ್ಷವಾಗಿತ್ತು. ಸಾವಿರಾರು ವರ್ಷಗಳ ಹಿಂದೆ ಹವೆ ಬದಲಾಗಿ ನಾಡು ಒಣಗಿದಾಗ ಉಳಿದವು ಬೆರಳೆಣಿಕೆಯ ಬಾವಲಿಗಳು. ಅದಕ್ಕೇ ಬೇರೆಡೆ ಅವುಗಳ ಸಂತತಿಯೆಲ್ಲ ಒಂದೇ ಅಚ್ಚು. ಆ ಚರ್ಮ ಪರೀಕ್ಷಿಸಿದಾಗ ಗೊತ್ತಾಗಿತ್ತು: ಈ ಬಾವಿಯವುಗಳಲ್ಲಿ ಮಾತ್ರ ಹಳೆಯ ತಳಿಗಳ ಗುರುತು ಅಳಿಯದೆ ಉಳಿದಿತ್ತು. ಅದನ್ನು ಹೇಳಲೆಂದೇ ವರದಿಯೊಂದಿಗೆ ವಿಜಯಪುರದಿಂದ ಬಸ್ಸು ಹಿಡಿದು ಬಂದಿದ್ದಳು.

ಬಾವಿಯೊಳಗೆ ಸುಣ್ಣದ ವಾಸನೆ. ಹೊಲದ ಯಜಮಾನ ಗುರಲಿಂಗಪ್ಪ ಹೆಮ್ಮೆಯಿಂದ ನಿಂತಿದ್ದ.

"ಹೋದ ಸಲ ಮೂಗ ಮುಚ್ಚಿಕೊಂಡು, 'ಎಷ್ಟ ಹೊಲಸ ಇಟ್ಟೀರಿ ಕಾಕಾ' ಅಂದಿದ್ರಿ. ಮನಸ್ಸಿಗಿ ಹತ್ತಿತ್ರಿ. ಬೇವಿನ ತಪ್ಪಲದ ಹೊಗಿ ಹಾಕಿದ್ವಿ. ಈಗ ಒಂದ ಬಾವಲಿನೂ ಇಲ್ಲ ನೋಡ್ರಿ."

ಎಲುಬಿಲ್ಲದ ನಾಲಿಗೆ ಆಡಿದ ಆ ಮಾತು ಅವಳಿಗೆ ನೆನಪೇ ಇರಲಿಲ್ಲ. ವರದಿ ಚೀಲದಲ್ಲೇ ಉಳಿಯಿತು.

ಗುರಲಿಂಗಪ್ಪ ಚಹಾ ಕೊಟ್ಟ. "ಇಲ್ಲೇ ಕುಂತು ಕುಡೀರಿ. ಇನ್ನ ಮೂಗ ಮುಚ್ಚೂದ ಬ್ಯಾಡ."