ಏಳು ನಿಮಿಷದ ಸುರುಳಿ

ಹಾರ್ಲನ್ ಟೀಗ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸೆಟ್ಟಿನ ಬಡಗಿಯಾಗಿ ಹಾಲಿವುಡ್ ಸೇರಿದವನು ಹತ್ತು ವರ್ಷದಲ್ಲಿ ನಿರ್ದೇಶಕನಾದ, ಕುದುರೆ, ಬಂದೂಕುಗಳ ಹನ್ನೊಂದು ಚಿತ್ರ ತೆಗೆದ. ಹೇಳಿಕೊಳ್ಳುವಂಥದ್ದು ಹನ್ನೆರಡನೆಯದು ಮಾತ್ರ, ಬಾವಿ ತೋಡುವವನೊಬ್ಬನ ಕತೆ. ಅದರ ಮೇಲೆಯೇ ಅವನ ಹೆಸರಿರಲಿಲ್ಲ.

ಅದರಲ್ಲಿ ನಾಯಕ ಹೆಂಡತಿಯ ಸಮಾಧಿಯ ಮುಂದೆ ನಿಂತು ಮಾತಾಡುವ ಏಳು ನಿಮಿಷದ ದೃಶ್ಯವನ್ನು ಎಡಿಟರ್ ಐನೆಜ್ ಪ್ರೂಯಿಟ್ ಕತ್ತರಿಸಿದ್ದಳು. ಸ್ಟುಡಿಯೊ ಅವಳ ಪರ ನಿಂತಿತು. ಹಾರ್ಲನ್ ನಿರ್ದೇಶಕರ ಸಂಘಕ್ಕೆ ಹೋಗಿ ಚಿತ್ರದಿಂದ ತನ್ನ ಹೆಸರು ತೆಗೆಸಿದ. ಇಂಥ ಅನಾಥ ಚಿತ್ರಗಳಿಗೆಂದೇ ಸಂಘ ಇಟ್ಟುಕೊಂಡಿದ್ದ ಸುಳ್ಳು ಹೆಸರು ಪರದೆಯ ಮೇಲೆ ಬಂತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಜನ ಚಿತ್ರವನ್ನು ಮೆಚ್ಚಿದರು, ಇವನು ಟಿವಿ ಧಾರಾವಾಹಿ ತೆಗೆಯುತ್ತ ಮುದುಕನಾದ. ಐನೆಜ್ ಜೊತೆ ಇಪ್ಪತ್ತಮೂರು ವರ್ಷ ಮಾತು ಬಿಟ್ಟ.

ಈಗ ಪ್ಯಾಸಡೀನಾದ ಚಿತ್ರಮಂದಿರವೊಂದು ಆ ಚಿತ್ರವನ್ನು ಮತ್ತೆ ತೋರಿಸಲಿತ್ತು. ಬೇಕಿದ್ದರೆ ಆ ದೃಶ್ಯವನ್ನೂ ಸೇರಿಸಿ ನಿಮ್ಮ ಹೆಸರನ್ನೂ ಹಾಕೋಣ, ಶುಕ್ರವಾರದೊಳಗೆ ತಿಳಿಸಿ ಎಂದರು ಅಲ್ಲಿಯವರು. ಕತ್ತರಿಸಿದ ಆ ದೃಶ್ಯದ ಫಿಲ್ಮ್ ಸುರುಳಿ ಉಳಿದಿದ್ದದ್ದು ಐನೆಜ್ ಮನೆಯಲ್ಲಿ ಮಾತ್ರ. ಗುರುವಾರ ಮಧ್ಯಾಹ್ನ ಅವನು ಅವಳಿದ್ದ ಗ್ಲೆಂಡೇಲ್‌ಗೆ ಕಾರು ಓಡಿಸಿದ.

"ಬೇಗ ಬಂದ್ಬಿಟ್ಯಲ್ಲ, ಇಪ್ಪತ್ಮೂರೇ ವರ್ಷ," ಎಂದಳು ಐನೆಜ್.

"ಕುಟುಕೋದು ಇನ್ನೂ ಬಿಟ್ಟಿಲ್ಲ ನೀನು."

"ನೀನು ಮುಖ ಊದಿಸ್ಕೊಳ್ಳೋದು ಬಿಟ್ಟಿದ್ದೀಯಾ? ಕೂತ್ಕೋ, ಕಾಫಿ ತರ್ತೀನಿ."

ಗ್ಯಾರೇಜಿನಲ್ಲಿ ವಾಷಿಂಗ್ ಮೆಷಿನ್ ಪಕ್ಕ ಅವಳ ಹಳೆಯ ಎಡಿಟಿಂಗ್ ಯಂತ್ರವಿತ್ತು. ಡಬ್ಬಿಯಿಂದ ಸುರುಳಿ ತೆಗೆದು ಹಾಕಿದಳು. ಅಂಗೈಯಗಲದ ಪರದೆಯಲ್ಲಿ ಬಾವಿ ತೋಡುವವನು ಸಮಾಧಿಗೆ ಹೇಳುತ್ತಿದ್ದ: "ಬಟ್ಟೆ ಒಣಗಿಸೋ ಹಗ್ಗ ಬಿಗಿ ಮಾಡ್ಕೊಡ್ತೀನಿ ಅಂದಿದ್ದೆ. ಮಾಡ್ಲೇ ಇಲ್ಲ."

ಹಾರ್ಲನ್ ಕಾಫಿ ಕೆಳಗಿಟ್ಟ. ಹೆಂಡತಿ ಲೋರ್ನಾ ತೀರಿಕೊಂಡಾಗ ಅವನು ಅರಿಜೋನಾದಲ್ಲಿ ಶೂಟಿಂಗಿನಲ್ಲಿದ್ದ. ಹೇಳದೆ ಉಳಿದದ್ದನ್ನೆಲ್ಲ ಆ ದೃಶ್ಯದಲ್ಲಿ ಬರೆದಿದ್ದ. ಹಗ್ಗ ಅವರ ಮನೆಯದೇ.

"ಅವನು ಒಬ್ಬನೇ ಬಾವಿಯಿಂದ ನೀರು ಸೇದಿದಾಗ್ಲೇ ಸಿನಿಮಾ ಮುಗ್ದೋಗಿತ್ತು ಹಾರ್ಲನ್," ಎಂದಳು ಐನೆಜ್. "ಇದು ಅವನ ಮಾತಲ್ಲ, ನಿಂದು. ಲೋರ್ನಾಗೆ ಹೇಳೋದನ್ನ ಟಿಕೆಟ್ ತಗೊಂಡೋರ ಮುಂದೆ ಯಾಕೆ ಹೇಳ್ಬೇಕು?"

"ಆವತ್ತೇ ಹೇಳ್ಬಹುದಿತ್ತಲ್ಲ."

"ಹೇಳೋಕೇ ಬಂದಿದ್ದೆ. ನೀನು ಬಾಗಿಲು ತೆಗೀಲಿಲ್ಲ."

ನಿಜ. ಕಿಟಕಿಯ ಪರದೆ ಸರಿಸಿ ಅವಳನ್ನು ನೋಡಿದ್ದ, ಬಾಗಿಲು ತೆಗೆದಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಹೋದ ಹೆಸರಿಗಿಂತ ಈ ಗೆಳತಿಯಿಲ್ಲದೆ ಕಳೆದ ವರ್ಷಗಳೇ ದೊಡ್ಡ ನಷ್ಟ ಅನ್ನಿಸಿತು.

"ಹೆಸರು ಹಾಕ್ಲಿ," ಎಂದ. "ದೃಶ್ಯ ಬೇಡ. ನೀನು ಕತ್ತರಿಸಿದ್ದೇ ಸರಿ."

ಅವಳು ಸುರುಳಿಯನ್ನು ಡಬ್ಬಿಗೆ ಹಾಕಲು ಕೈ ಚಾಚಿದಳು.

"ತಡಿ. ಇನ್ನೊಂದ್ಸಲ ಹಾಕು."

ಐನೆಜ್ ಸುರುಳಿಯನ್ನು ಹಿಂದಕ್ಕೆ ತಿರುಗಿಸಿ ಯಂತ್ರ ಚಾಲೂ ಮಾಡಿದಳು. ಆಮೇಲೆ ಅವನೊಬ್ಬನನ್ನೇ ಬಿಟ್ಟು ಅಡುಗೆಮನೆಗೆ ಹೋದಳು.