ಗಾಜು ತೆಗೆದ ಮೇಸ್ತ್ರಿ

ಮನೆಮಂದಿಯೆಲ್ಲ ಎಲ್ಲಿಗಾದರೂ ಹೊರಟು ನಿಂತಾಗ ಒಬ್ಬರನ್ನು ಮಾತ್ರ "ನಿಮಗೆ ಸುಮ್ಮನೆ ತೊಂದರೆ" ಎಂದು ಮನೆಯಲ್ಲೇ ಬಿಟ್ಟು ಹೋಗುವುದು ನಾವೆಲ್ಲ ಕಂಡಿರುವ ವಿಷಯವೇ. ಬಿಟ್ಟು ಹೋಗುವವರು ಕೆಟ್ಟವರೇನಲ್ಲ. ನಮ್ಮ ಮೇಸ್ತ್ರಿಯೂ ಕೆಟ್ಟವನಲ್ಲ. ಬಾಯಿ ಸ್ವಲ್ಪ ಮುಂದೆ, ಬುದ್ಧಿ ಅದರ ಹಿಂದೆ, ಅಷ್ಟೇ.

ಅವನು ಊರಿನ ಮ್ಯೂಸಿಯಂಗೆ ಗಾಜಿನ ಪೆಟ್ಟಿಗೆ ಮಾಡಿಕೊಡುವ ಬಡಗಿ. ಹಳೆಯ ನಾಣ್ಯ, ಒಡೆದ ಮಡಕೆ, ತುಕ್ಕು ಹಿಡಿದ ಕತ್ತಿ, ಏನೇ ಬರಲಿ, ಕೆಳಗೆ ಮರದ ಕಾಲು, ಮೇಲೆ ಗಾಜು. ಎತ್ತರಕ್ಕೆ ಮಾತ್ರ ಅವನು ಟೇಪು ಹಿಡಿದವನಲ್ಲ. ತನ್ನ ಎದೆಮಟ್ಟಕ್ಕೆ ಬಂದರೆ ಸರಿ. ಇಪ್ಪತ್ತೆಂಟು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ.

ಈ ಸಲ ಮ್ಯೂಸಿಯಂಗೆ ಬಂದದ್ದು ಊರ ಗೋಪುರದ ಹಳೆಯ ಗಡಿಯಾರದ ಯಂತ್ರ. ಅದಕ್ಕೆ ದಿನಾ ಕೀ ಕೊಡುತ್ತಿದ್ದವರು ಮೇಸ್ತ್ರಿಯ ಅಪ್ಪ. ಅಪ್ಪ ತೀರಿಕೊಂಡಾಗ ಮೇಸ್ತ್ರಿಗೆ ಎರಡು ವರ್ಷ, ಮುಖವೂ ನೆನಪಿಲ್ಲ. ಅಕ್ಕನಿಗೆ ಹನ್ನೆರಡು. ಬಟ್ಟೆ ಹೊಲಿದು ತಮ್ಮನನ್ನು ಸಾಕಿದವಳು ಅವಳೇ. ಆರು ವರ್ಷದ ಹಿಂದೆ ಕಣ್ಣಿನ ಕಾಯಿಲೆಯಿಂದ ಅವಳ ದೃಷ್ಟಿ ಪೂರ್ತಿ ಹೋಯಿತು. ಈಗಲೂ ಗುಂಡಿ ಹೊಲಿಯುತ್ತಾಳೆ, ಅಂಚು ಮಡಿಸುತ್ತಾಳೆ, ತಮ್ಮ ಅಂಗಿಯನ್ನು ಒಳಗು ಹೊರಗಾಗಿ ಹಾಕಿಕೊಂಡಿದ್ದರೆ ಭುಜ ಮುಟ್ಟಿ ನೋಡಿ ಬಯ್ಯುತ್ತಾಳೆ.

ಗಡಿಯಾರದ ಕೋಣೆ ತೆರೆಯುವ ಭಾನುವಾರ ಅಕ್ಕ ಎಲ್ಲರಿಗಿಂತ ಮೊದಲೇ ತಯಾರಾಗಿ, ಚಪ್ಪಲಿ ಮೆಟ್ಟಿ ಬಾಗಿಲ ಬಳಿ ಕೂತಿದ್ದಳು. ಮೇಸ್ತ್ರಿ ನೋಡಿದ. ನೋಡಿ, ಆಡಬಾರದ ಮಾತು ಆಡಿಬಿಟ್ಟ.

"ನೀನು ಬಂದು ಏನ್ ಮಾಡ್ತೀಯಕ್ಕ? ಅಲ್ಲಿರೋದೆಲ್ಲ ನೋಡೋ ವಸ್ತು."

ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅದಾದ ಮೇಲೆ ಎಂಟು ದಿನ ಕಳೆದರೂ ತಮ್ಮನನ್ನು ಒಂದು ಸಲವೂ ಬಯ್ಯಲಿಲ್ಲ. ಅವಳ ಬೈಗುಳ ತಿಂದೇ ಬೆಳೆದ ಮೇಸ್ತ್ರಿಗೆ ಆ ಮೌನ ನುಂಗಲಾರದ ತುತ್ತಾಯಿತು.

ಮ್ಯೂಸಿಯಂನ ಟಿಕೆಟ್ ಕೌಂಟರಿನಲ್ಲಿ ಕೂರುವ ಗೆಳೆಯನ ಬಳಿ ಹೋಗಿ ಗೋಳು ತೋಡಿಕೊಂಡ. ಈ ಗೆಳೆಯ ಗಾಲಿಕುರ್ಚಿಯಲ್ಲಿ ಓಡಾಡುವವನು. ಸಮಾಧಾನ ಹೇಳುತ್ತಾನೆಂದು ಕಾದರೆ, ಕತ್ತಿಗಳ ಪೆಟ್ಟಿಗೆಯ ಮುಂದೆ ಒಂದು ಕುರ್ಚಿ ಹಾಕಿಸಿ, ಕೂತು ನೋಡು ಎಂದ. ಮೇಸ್ತ್ರಿ ಕೂತ. ಕತ್ತಿ ಕಾಣಲಿಲ್ಲ. ಕಂಡದ್ದು ಪೆಟ್ಟಿಗೆಯ ತಳದ ಹಲಗೆ, ಹಲಗೆಯ ಮೇಲೆ ತಾನೇ ಪೆನ್ಸಿಲಿನಲ್ಲಿ ಗೀಚಿದ್ದ ಉದ್ದ ಅಗಲದ ಲೆಕ್ಕ.

"ನಾಲ್ಕು ವರ್ಷದಿಂದ ಈ ಮ್ಯೂಸಿಯಂನಲ್ಲಿ ನಾನು ನೋಡಿರೋದು ಇದನ್ನೇ ಕಣಯ್ಯ," ಎಂದ ಗೆಳೆಯ. "ನಿನ್ನ ಕೈಬರಹ ಮಾತ್ರ ಚೆನ್ನಾಗಿದೆ."

ಮೇಸ್ತ್ರಿಗೆ ನಾಚಿಕೆಯಾಯಿತು, ಆದರೆ ವಾದ ಬಿಡಲಿಲ್ಲ. ಕಣ್ಣು ಕಾಣದವರು, ನಡೆಯಲಾಗದವರು ಇಲ್ಲಿಗೆ ಬರುವುದೇ ಅಪರೂಪ, ಅವರಿಗೋಸ್ಕರ ಎಲ್ಲ ಬದಲಾಯಿಸೋಕಾಗುತ್ತದೆಯೇ ಎಂದ. ಕಂಡಕಂಡವರು ಮುಟ್ಟಿದರೆ ಹಳೆಯ ವಸ್ತು ಉಳಿಯುತ್ತದೆಯೇ ಎಂದ.

"ಬಂದ್ರೆ ಅವರಿಗೆ ಇಲ್ಲಿ ಏನಿದೆ ಹೇಳು? ಅದಕ್ಕೇ ಬರಲ್ಲ."

ಆಮೇಲೆ ಗೆಳೆಯ ನಿಧಾನವಾಗಿ ಬಿಡಿಸಿ ಹೇಳಿದ. ಹಳೆಯ ವಸ್ತು ಗಾಜಿನೊಳಗೇ ಇರಲಿ, ಪಕ್ಕದಲ್ಲಿ ಅದರದ್ದೇ ಮಾದರಿಯೊಂದನ್ನು ಮುಟ್ಟಿ ನೋಡಲು ಇಡಬಹುದು. ಪೆಟ್ಟಿಗೆ ತಗ್ಗಿಸಿ, ಕೆಳಗೆ ಮೊಣಕಾಲು ತೂರುವಷ್ಟು ಜಾಗ ಬಿಟ್ಟರೆ ಗಾಲಿಕುರ್ಚಿಯವರಿಗೂ ಕಾಣುತ್ತದೆ, ಮಕ್ಕಳಿಗೂ ಕಾಣುತ್ತದೆ. ಅಕ್ಷರ ದಪ್ಪಗಿದ್ದರೆ ವಯಸ್ಸಾದವರು ಓದುತ್ತಾರೆ. ಬ್ರೈಲ್ ಚುಕ್ಕಿಗಳಿದ್ದರೆ ಅದನ್ನು ಕಲಿತವರು ಬೆರಳಲ್ಲೇ ಓದುತ್ತಾರೆ. ಎಲ್ಲಕ್ಕಿಂತ ಮೊದಲು ಹೋಗಿ ಅಕ್ಕನಿಗೆ ಏನು ಬೇಕೆಂದು ಕೇಳು ಎಂದೂ ಹೇಳಿದ. ಮೇಸ್ತ್ರಿ ಎಲ್ಲವನ್ನೂ ಕಿವಿಗೆ ಹಾಕಿಕೊಂಡ, ಆ ಕೊನೆಯ ಮಾತೊಂದನ್ನು ಬಿಟ್ಟು.

ಮ್ಯೂಸಿಯಂನ ಅಧಿಕಾರಿ ಸಂತೋಷವಾಗಿ ಒಪ್ಪಿದರು. ಮೇಸ್ತ್ರಿ ಮೊದಲು ಕತ್ತಿಗಳ ಪೆಟ್ಟಿಗೆಯ ಕಾಲು ಕತ್ತರಿಸಿ ತಗ್ಗಿಸಿದ. ಆಮೇಲೆ ಇಪ್ಪತ್ತು ದಿನ ಕೂತು ಗಡಿಯಾರದ ಒಂದೊಂದೇ ಹಲ್ಲಿನ ಚಕ್ರವನ್ನು ಮರದಲ್ಲಿ ಕಡೆದ. ಹಳೆಯ ಯಂತ್ರಕ್ಕೆ ಕೀ ಕೊಡುವ ಹಿಡಿ ಎಂದೋ ಕಳೆದುಹೋಗಿತ್ತು. ಅಂದಾಜಿನ ಮೇಲೆ ಮಾದರಿಯ ಬಲಗಡೆಗೆ ಒಂದು ಹಿಡಿ ಕೂರಿಸಿದ. ಅಂಧರ ಶಾಲೆಯಿಂದ ಬ್ರೈಲ್ ಫಲಕ ಬರೆಸಿ ತಂದ. ಅಕ್ಕನಿಗೆ ಒಂದು ಸುಳಿವೂ ಕೊಡಲಿಲ್ಲ.

ಕೆಲಸವೆಲ್ಲ ಮುಗಿದ ಮೇಲೆ ಅಕ್ಕನ ಮುಂದೆ ಕೂತು, ನನ್ನದು ತಪ್ಪಾಯಿತು, ಒಂದು ಸಲ ಬಾ ಎಂದು ಬೇಡಿಕೊಂಡ. ಅವಳು ಸುಮಾರು ಹೊತ್ತು ಸತಾಯಿಸಿ, ಕೊನೆಗೆ ಚಪ್ಪಲಿ ಎಲ್ಲಿದೆ ಎಂದು ಕೇಳಿದಳು. ಮ್ಯೂಸಿಯಂನಲ್ಲಿ ಗೆಳೆಯನೂ ಗಾಲಿ ಉರುಳಿಸಿಕೊಂಡು ಹಿಂದೆಯೇ ಬಂದ. ಮೇಸ್ತ್ರಿ ಅಕ್ಕನ ಕೈ ಹಿಡಿದು ಮಾದರಿಯ ಮೇಲೆ ಇಟ್ಟ.

"ಇದು ಗಾಜಲ್ವೇನೋ?" ಎಂದಳು ಅಕ್ಕ.

ಗಾಜೇ. ಹಿಂದಿನ ಸಂಜೆ, ಧೂಳು ಕೂತೀತು ಎಂದು, ಅವನ ಕೈ ತನ್ನ ಪಾಡಿಗೆ ತಾನು ಮಾದರಿಯನ್ನೂ ಬ್ರೈಲ್ ಫಲಕವನ್ನೂ ಒಟ್ಟಿಗೆ ಗಾಜಿನೊಳಗೆ ಹಾಕಿ ಸ್ಕ್ರೂ ಬಿಗಿದುಬಿಟ್ಟಿತ್ತು. ಇಪ್ಪತ್ತೆಂಟು ವರ್ಷದ ಅಭ್ಯಾಸ. ಗೆಳೆಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮೇಸ್ತ್ರಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಅಕ್ಕನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು, ಒಂದು ತಿಂಗಳ ಬೈಗುಳವನ್ನು ಬಡ್ಡಿ ಸಮೇತ ಬೈದಳು. ಮೇಸ್ತ್ರಿ ಸ್ಕ್ರೂಡ್ರೈವರ್ ತಂದು ಗಾಜು ಬಿಚ್ಚಿದ. ಬ್ರೈಲ್ ಫಲಕ ತೋರಿಸಲು ಹೋದರೆ, ಈ ಚುಕ್ಕಿ ಓದಲು ನನಗೆ ಯಾರು ಕಲಿಸಿದ್ದಾರೆ ಎಂದಳು. ಅದೂ ಅವನಿಗೆ ಹೊಳೆದಿರಲಿಲ್ಲ. ಹುಟ್ಟಿನಿಂದ ಕಣ್ಣಿಲ್ಲದವರು ಬೇರೆ, ನಡುವೆ ಕಳೆದುಕೊಂಡವರು ಬೇರೆ.

"ಒಂದು ಮಾತು ಕೇಳಿದ್ದಿದ್ರೆ ಹೇಳ್ತಿದ್ನಲ್ಲೋ. ನನಗೆ ಯಾರಾದ್ರೂ ಓದಿ ಹೇಳಿದ್ರೆ ಸಾಕು, ಕಿವಿ ಚೆನ್ನಾಗೇ ಇದೆ."

ಆಮೇಲೆ ಅವಳು ಮಾದರಿಯ ಮೇಲೆ ಕೈಯಿಟ್ಟಳು. ಹತ್ತು ಬೆರಳೂ ಚಕ್ರದಿಂದ ಚಕ್ರಕ್ಕೆ ನಡೆದವು. ಹಿಡಿಯ ಬಳಿ ಬಂದು ನಿಂತವು.

"ಇದು ತಪ್ಪು. ಹಿಡಿ ಎಡಗಡೆ ಇತ್ತು. ಅಪ್ಪ ಬಲಗೈಲಿ ನನ್ನ ಎತ್ತಿಕೊಂಡು ಎಡಗೈಲಿ ತಿರುಗಿಸೋರು."

ಮೇಸ್ತ್ರಿ ಹೋಗಿ ಹಳೆಯ ಯಂತ್ರವನ್ನು ಬಗ್ಗಿ ನೋಡಿದ. ಎಡಗಡೆಯಲ್ಲಿ ಹಿಡಿ ಕೂರುತ್ತಿದ್ದ ಕಂಬಿಯ ತುದಿ ತಿರುಗಿಸಿ ತಿರುಗಿಸಿ ಸವೆದು ನುಣ್ಣಗಾಗಿತ್ತು. ಒಂದು ತಿಂಗಳಿಂದ ದಿನಾ ಅದರ ಗಾಜು ಒರೆಸಿದ್ದಾನೆ, ಕಣ್ಣೆರಡೂ ನೆಟ್ಟಗಿವೆ, ಒಮ್ಮೆಯೂ ಕಂಡಿರಲಿಲ್ಲ. ಅಲ್ಲೇ ಕೂತು ಮಾದರಿಯ ಹಿಡಿ ಕಿತ್ತು ಎಡಕ್ಕೆ ಜೋಡಿಸಿದ.

"ಕಣ್ಣು ಮುಚ್ಚು, ಎಡಗೈ ಕೊಡು," ಎಂದಳು ಅಕ್ಕ. ಅವನ ಕೈಯನ್ನು ಹಿಡಿಯ ಮೇಲಿಟ್ಟು, ಮೇಲೆ ತನ್ನ ಕೈ ಇಟ್ಟು ತಿರುಗಿಸಿದಳು. ಮೂರು ಸುತ್ತು ಸಲೀಸಾಗಿ ಹೋಯಿತು. ನಾಲ್ಕನೆಯದಕ್ಕೆ ಬೇಕೆಂದೇ ಬಿಗಿಯಾಗಿ ಹಿಡಿದಳು.

"ಇಲ್ಲಿ ಬಿಗಿ ಆಗೋದು. ಇಲ್ಲಿ ಅಪ್ಪ ನಿಂತು, ಒಂದು ಉಸಿರು ತಗೊಂಡು, ನನ್ನ ಕಡೆ ನೋಡಿ ನಗೋರು."

ಮೇಸ್ತ್ರಿ ಕಣ್ಣು ಬಿಡಲಿಲ್ಲ. ಐವತ್ತು ವರ್ಷಕ್ಕೆ ಮೊದಲ ಸಲ ಅಪ್ಪ ಅವನ ಕೈಗೆ ಸಿಕ್ಕಿದ್ದರು. ಎಲ್ಲರೆದುರು ಅತ್ತ, ನಾಚಲಿಲ್ಲ.

ಈಗ ಆ ಕೋಣೆಯಲ್ಲಿ ಒಂದು ಗುಂಡಿ ಒತ್ತಿದರೆ ಗಡಿಯಾರದ ಕಥೆ ಕೇಳಿಸುತ್ತದೆ, ಅಕ್ಕನ ದನಿಯಲ್ಲೇ. ಉಳಿದ ಪೆಟ್ಟಿಗೆಗಳೂ ಒಂದೊಂದಾಗಿ ತಗ್ಗುತ್ತಿವೆ. ಗರಗಸ ಎತ್ತುವ ಮುಂಚೆ ಮೇಸ್ತ್ರಿ ಅಕ್ಕ, ಗೆಳೆಯ ಇಬ್ಬರನ್ನೂ ಕರೆಸಿ ಕೇಳುತ್ತಾನೆ. ಇಬ್ಬರೂ ಸುಲಭಕ್ಕೆ ಒಪ್ಪುವವರಲ್ಲ, ಅದು ಬೇರೆ ಮಾತು.

ಓದುವ, ಕೇಳುವ ಬಂಧುಗಳೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥವರಿದ್ದರೆ ಮುಂದಿನ ಸಲ ಮ್ಯೂಸಿಯಂಗೆ ಹೊರಡುವಾಗ ಅವರನ್ನೂ ಕರೆದುಕೊಂಡು ಹೋಗಿ. ಅಲ್ಲಿ ಇಳಿಜಾರು ದಾರಿ ಇಲ್ಲವೇ, ಮುಟ್ಟಲು, ಕೇಳಲು ಏನೂ ಇಲ್ಲವೇ? ಸುಮ್ಮನೆ ವಾಪಸ್ ಬರಬೇಡಿ, ಅಧಿಕಾರಿಯನ್ನು ಕಂಡು ಕೇಳಿ, ಬರೆದುಕೊಡಿ. ಮಾಡಿಸುವ ಜಾಗದಲ್ಲಿ ನೀವೇ ಇದ್ದರೆ, ಮಾಡುವ ಮೊದಲು ಅವರ ಮಾತು ಕೇಳಿ. ಅವರು ಬಾರದೆ ಉಳಿದರೆ ನಷ್ಟ ಅವರೊಬ್ಬರದ್ದಲ್ಲ, ನಮ್ಮದೂ ಹೌದು.